ಗುಡ್ಡ ಹತ್ತುವ ಬ್ಯಾಟರಿ ಸೈಕಲ್ಲು: ಆಟಕ್ಕೋ, ತೋಟಕ್ಕೋ?

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಲೇಔಟ್ ಬಡಾವಣೆಗಳಲ್ಲಿ ನಮ್ಮ ಸದಸ್ಯರ ಪೈಕಿ ಅನೇಕರ ಮಕ್ಕಳು ನೆಲೆಸಿದ್ದಾರೆ. ಮಗನ ಮನೆಗೋ ಮಗಳ ಮನೆಗೋ ಹೋಗಿ ನಾಲ್ಕು ದಿನ ಇದ್ದು ಬರುವ ಹಿರಿಯರು ಅಲ್ಲಿಯ ಬೀದಿಗಳಲ್ಲಿ ಈಚೆಗೆ ಒಂದು ಹೊಸ ವಾಹನವನ್ನು ಕಂಡಿರಬಹುದು. ನೋಡುವುದಕ್ಕೆ ಸೈಕಲ್ಲೇ. ಆದರೆ ಟೈರು ಎರಡು ಇಂಚಿಗೂ ಮೀರಿದ ಅಗಲ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಮೋಟಾರ್ ಸೈಕಲ್ಲಿನಂತೆ ಶಾಕ್ ಅಬ್ಸಾರ್ಬರ್. ಚೌಕಟ್ಟಿನ ದಪ್ಪ ಕೊಳವೆಯೊಳಗೆ ಬ್ಯಾಟರಿ. ಪೆಡಲಿನ ಅಚ್ಚಿನ ಬಳಿ ಅಡಗಿ ಕುಳಿತ ಪುಟ್ಟ ಮೋಟಾರು. ಕಲ್ಲು, ಬೇರು, ಕೊರಕಲುಗಳ ಮೇಲೆ ಓಡಿಸುವುದಕ್ಕೆಂದೇ ಮಾಡಿದ ಯಂತ್ರವಿದು. ವಿದೇಶದಿಂದ ಬರುವ ಒಳ್ಳೆಯ ತಯಾರಿಕೆಯ ಬೆಲೆ ಹಲವು ಲಕ್ಷ ರೂಪಾಯಿಗಳು.

ರಜಾದಿನಗಳಲ್ಲಿ ಮಕ್ಕಳು ಇದನ್ನು ಕಾರಿನ ಹಿಂಬದಿಗೆ ಕಟ್ಟಿಕೊಂಡು ಊರಿಗೆ ತರುವುದೂ ಆರಂಭವಾಗಿದೆ. ಅದನ್ನು ಕಂಡ ಹಲವು ಸದಸ್ಯರು, "ತೋಟ ತಿರುಗುವುದಕ್ಕೆ ನಾವೂ ಒಂದು ತೆಗೆದುಕೊಂಡರೆ ಹೇಗೆ?" ಎಂದು ಸಂಘದ ಕಛೇರಿಯಲ್ಲಿ ವಿಚಾರಿಸುತ್ತಿದ್ದಾರೆ. ಇನ್ನು ಕೆಲವರು, "ಪೇಟೆಯವರ ಆಟದ ಸಾಮಾನು ನಮಗೇಕೆ?" ಎಂದು ತಳ್ಳಿಹಾಕುತ್ತಾರೆ. ಈ ಎರಡು ಮಾತೂ ಅವಸರದವು ಎಂಬುದು ನನ್ನ ಅಭಿಪ್ರಾಯ. ಮೋಟಾರು, ಗಿಯರು ಮತ್ತು ಬ್ರೇಕು ಈ ಮೂರು ನಮಗೆ ನಿಜವಾಗಿಯೂ ಬೇಕಾದವು. ಆದರೆ ಅಂಗಡಿಯವರು ಹೆಚ್ಚಾಗಿ ಹೊಗಳುವ ಹಿಂಬದಿಯ ಸ್ಪ್ರಿಂಗೇ ನಮಗೆ ಅಷ್ಟಾಗಿ ಬೇಡದ ಭಾಗ. ಆದುದರಿಂದ ಸದಸ್ಯರು ಒಬ್ಬೊಬ್ಬರಾಗಿ ಹಣ ಸುರಿಯುವ ಮೊದಲು ಸಂಘವೇ ಇದನ್ನು ಒಂದು ಪೂರ್ತಿ ವರ್ಷ, ಮಳೆಗಾಲವೂ ಸೇರಿದಂತೆ, ನಮ್ಮ ಹಾದಿಗಳಲ್ಲಿ ಪರೀಕ್ಷಿಸಬೇಕು. ಇದನ್ನು ವಿವರವಾಗಿ ಸದಸ್ಯ ಬಾಂಧವರ ಮುಂದಿಡುತ್ತೇನೆ.

ಇಳಿಯುವ ಸೈಕಲ್ಲು

ಗುಡ್ಡಗಾಡಿನ ಸೈಕಲ್ಲು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1970ರ ದಶಕದಲ್ಲಿ. ಅಲ್ಲಿಯ ಮರಿನ್ ಜಿಲ್ಲೆಯ ಯುವಕರು ಹಳೆಯ ಭಾರವಾದ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಒಯ್ದು, ಮಣ್ಣಿನ ಹಾದಿಯಲ್ಲಿ ಕೆಳಕ್ಕೆ ಬಿಡುತ್ತಿದ್ದರು. 1976ರಲ್ಲಿ ಆರಂಭವಾದ ಅವರ ಒಂದು ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಿತ್ತು. ಒಂದು ಸಲ ಇಳಿದರೆ ಸಾಕು, ಹಿಂಗಾಲಿಯ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಗ್ರೀಸು ತುಂಬದೆ ಇನ್ನೊಂದು ಸಲ ಇಳಿಯುವಂತಿರಲಿಲ್ಲ. ಇಳಿಜಾರಿನ ಶಕ್ತಿಯೆಲ್ಲ ಬ್ರೇಕಿನಲ್ಲಿ ಶಾಖವಾಗುತ್ತದೆ ಎಂಬ ಈ ಪಾಠ ನಮ್ಮ ತೋಟದ ಹಾದಿಗಳಿಗೂ ಅನ್ವಯಿಸುತ್ತದೆ.

ಮುಂದೆ ಶಾಕ್ ಅಬ್ಸಾರ್ಬರ್ ಬಂತು, ತೈಲದ ಒತ್ತಡದಿಂದ ಕೆಲಸ ಮಾಡುವ ಡಿಸ್ಕ್ ಬ್ರೇಕ್ ಬಂತು. ಕಡೆಗೆ ಯೂರೋಪಿನ ಮತ್ತು ಜಪಾನಿನ ತಯಾರಕರು ಪೆಡಲಿನ ಅಚ್ಚಿಗೆ ಮೋಟಾರನ್ನು ಜೋಡಿಸಿದರು. 2019ರಲ್ಲಿ ಕೆನಡಾದಲ್ಲಿ ವಿದ್ಯುತ್ ಗುಡ್ಡಗಾಡು ಸೈಕಲ್ಲಿಗೆ ವಿಶ್ವ ಚಾಂಪಿಯನ್‌ಷಿಪ್ ಪಂದ್ಯವೂ ನಡೆಯಿತು. ಇಷ್ಟೆಲ್ಲ ಆದರೂ ಈ ಜಾತಿಯ ಸೈಕಲ್ಲಿನ ಹುಟ್ಟುಗುಣ ಬದಲಾಗಿಲ್ಲ: ಇದು ಬರಿಗೈಯಲ್ಲಿ ಗುಡ್ಡ ಇಳಿಯುವ ಸಂತೋಷಕ್ಕಾಗಿ ರೂಪುಗೊಂಡದ್ದು. ನಮಗೆ ಬೇಕಾದದ್ದು ಹೊರೆಯೊಡನೆ ಗುಡ್ಡ ಹತ್ತುವ ಸಾಧನ.

ದಕ್ಷಿಣ ಬೆಂಗಳೂರಿನ ಸವಾರರಿಗೆ ಗುಡ್ಡವೆಂದರೆ ಬನಶಂಕರಿ 6ನೇ ಹಂತಕ್ಕೂ ಕನಕಪುರ ರಸ್ತೆಗೂ ಸಮೀಪದ ತುರಹಳ್ಳಿ. ಬಂಡೆಗಳು, ಮುಳ್ಳುಕಂಟಿ, ನಡುವೆ ಕಾಲುದಾರಿಗಳು. ಅದು ಅರಣ್ಯ ಇಲಾಖೆಯ ನೆಲ. ಅಲ್ಲಿ ಯಾರು ಏನು ಮಾಡಬಹುದೆಂಬುದು ಇಲಾಖೆಯ ಅಪ್ಪಣೆಗೆ ಸೇರಿದ್ದು. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂದಾಗ, ಕಾಡು ಕಾಡಾಗಿಯೇ ಇರಲಿ ಎಂದು ಸುತ್ತಲಿನ ನಿವಾಸಿಗಳು ಪ್ರತಿಭಟಿಸಿದ್ದರಿಂದ ಅದನ್ನು ಕೈಬಿಡಲಾಯಿತು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿ.ಮೀ. ಮಲೆನಾಡಿನಲ್ಲಿ ಇದರ ಎರಡರಷ್ಟು, ಮೂರರಷ್ಟು ಸಾಮಾನ್ಯ. ಆಗುಂಬೆಯಂತಹ ಕಡೆ 7,000 ಮಿ.ಮೀ. ದಾಟುತ್ತದೆ. ತುರಹಳ್ಳಿಯ ಒಣ ಬಂಡೆಯ ಮೇಲೆ ಚೆನ್ನಾಗಿ ಓಡಿದ ಯಂತ್ರ ಆಷಾಢದ ಅಡಿಕೆ ತೋಟದಲ್ಲೂ ಹಾಗೆಯೇ ಓಡುತ್ತದೆಂದು ನಂಬಲು ಕಾರಣವಿಲ್ಲ.

ನಮಗೆ ಇದರಿಂದೇನು?

ನಮ್ಮ ತೋಟಗಳ ಇಂದಿನ ದೊಡ್ಡ ಕೊರತೆ ಕೂಲಿಯಾಳುಗಳದ್ದೆಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಕೊರತೆ ಸದ್ದಿಲ್ಲದೆ ಬೆಳೆಯುತ್ತಿದೆ. ಅದು ಕಣ್ಣಿನ ಕೊರತೆ. ಮಕ್ಕಳು ಪೇಟೆಯಲ್ಲಿ, ತಂದೆತಾಯಿ ತೋಟದಲ್ಲಿ. ಅರವತ್ತು ದಾಟಿದ ಯಜಮಾನರಿಗೆ ಮಂಡಿನೋವು. ಮನೆಯ ಹತ್ತಿರದ ತೋಟವನ್ನು ದಿನಕ್ಕೆರಡು ಸಲ ಸುತ್ತುತ್ತಾರೆ. ಮೇಲಿನ ತಾಕಿಗೆ ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕಡೆಗೆ ಆಳು ಹೇಳಿದ್ದೇ ವರದಿ.

ಇದರ ಫಲವನ್ನು ಬೆಳೆಗಾರರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಅರೇಬಿಕಾ ಕಾಫಿಗೆ ಬಿಳಿ ಕಾಂಡಕೊರಕ ಬಿದ್ದಿದೆಯೇ ಎಂಬುದನ್ನು ಗಿಡಗಿಡ ನೋಡಿಯೇ ತಿಳಿಯಬೇಕು. ದುಂಬಿಗಳು ಹಾರುವ ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್ ಕಾಲಕ್ಕೆ ಮೊದಲೇ ರೋಗದ ಗಿಡವನ್ನು ಗುರುತಿಸಿ ಕಿತ್ತು ಸುಡದಿದ್ದರೆ ಮುಂದಿನ ಸಾಲಿಗೆ ಹರಡುತ್ತದೆ. ಅಡಿಕೆಗೆ ಕೊಳೆರೋಗ ಕಾಣಿಸಿದರೆ ನಾಲ್ಕು ದಿನದ ವಿಳಂಬವೂ ದುಬಾರಿ. ಎಲೆಚುಕ್ಕಿ ರೋಗ ಈಗ ಮಲೆನಾಡಿನ ಎಷ್ಟೋ ತೋಟಗಳನ್ನು ಕಂಗೆಡಿಸಿದೆ. ಅದು ಮೊದಲು ಯಾವ ಮೂಲೆಯಲ್ಲಿ ಕಂಡಿತು ಎಂಬುದನ್ನು ಬಲ್ಲವನಿಗೆ ಮಾತ್ರ ಹಿಡಿತ ಸಾಧ್ಯ. ನೀರಿನ ಗೇಟ್‌ವಾಲ್ವ್ ತಿರುಗಿಸುವುದು, ಒಡೆದ ಪೈಪು ನೋಡುವುದು, ಬೇಲಿ ಮುರಿದಿದೆಯೇ ಎಂದು ಪರಿಶೀಲಿಸುವುದು ಇವೆಲ್ಲ ಹತ್ತು ನಿಮಿಷದ ಕೆಲಸ. ಆದರೆ ಅಲ್ಲಿಗೆ ಹೋಗಿಬರುವುದಕ್ಕೆ ಒಂದು ಗಂಟೆ.

ಜೀಪು ಈ ಕಾಲುದಾರಿಯಲ್ಲಿ ಹೋಗದು. ಮೋಟಾರ್ ಸೈಕಲ್ಲು ಹೋದರೂ ಅದರ ತೂಕ 100 ಕಿ.ಗ್ರಾಂ.ಗಿಂತ ಮೇಲು, ಜಾರಿ ಬಿದ್ದರೆ ಅರವತ್ತೈದರ ಯಜಮಾನರು ಒಬ್ಬರೇ ಎತ್ತಿ ನಿಲ್ಲಿಸುವುದು ಕಷ್ಟ. ಬ್ಯಾಟರಿ ಸೈಕಲ್ಲಿನ ತೂಕ ಸುಮಾರು 25 ಕಿ.ಗ್ರಾಂ. ಹತ್ತಲಾರದ ಏರಿನಲ್ಲಿ ಇಳಿದು ತಳ್ಳಬಹುದು. ಬಹಳಷ್ಟು ಯಂತ್ರಗಳಲ್ಲಿ ಗುಂಡಿ ಒತ್ತಿ ಹಿಡಿದರೆ ಅದು ನಮ್ಮ ನಡಿಗೆಯ ವೇಗದಲ್ಲಿ ತಾನೇ ಉರುಳುತ್ತ ಜೊತೆಗೆ ಬರುತ್ತದೆ. ದೂರದ ತಾಕಿಗೆ ಪದೇ ಪದೇ, ಹಗುರವಾಗಿ ಹೋಗಿಬರುವುದು ಈ ಯಂತ್ರದಿಂದ ಸಾಧ್ಯವಾಗುವುದಾದರೆ ಅದನ್ನು ಆಟದ ಸಾಮಾನು ಎಂದು ತಳ್ಳಿಹಾಕಬಾರದು.

ಎರಡು ದಿನ ಓಡಿಸಿ ಕಂಡದ್ದು

ಸದಸ್ಯರೊಬ್ಬರ ಮಗ ಜಯನಗರದಿಂದ ತಂದಿದ್ದ ಒಂದು ಯಂತ್ರವನ್ನು ಕಳೆದ ಮಾಘದಲ್ಲಿ ಎರಡು ದಿನ ನಮ್ಮ ತೋಟದಲ್ಲಿ ಓಡಿಸಿ ನೋಡಿದೆವು. ಮನೆಯಿಂದ ಮೇಲಿನ ತಾಕಿಗೆ ಹಾದಿ ಸುಮಾರು ಒಂದೂಕಾಲು ಕಿ.ಮೀ., ಏರು ಸುಮಾರು 90 ಮೀಟರ್. ನಾನು ನಡೆದರೆ 35 ನಿಮಿಷ, ನಡುವೆ ಎರಡು ಕಡೆ ಕುಳಿತು ಸುಧಾರಿಸಿಕೊಳ್ಳಬೇಕು. ಸೈಕಲ್ಲಿನಲ್ಲಿ 11 ನಿಮಿಷ. ಬೆವರು ಬಂತು, ಏದುಸಿರು ಬರಲಿಲ್ಲ. ಐದು ಸಲ ಹತ್ತಿ ಇಳಿದ ಮೇಲೂ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕಲ್ಲು ಕೊರಕಲಿನ ಮೇಲೆ ಹಿಂಗಾಲಿ ನೆಲ ಬಿಡದೆ ಅಂಟಿಕೊಂಡೇ ಬಂತು. ಸೊಂಟಕ್ಕೆ ಕುಲುಕು ತಟ್ಟಲಿಲ್ಲ.

ಇದು ಒಳ್ಳೆಯದರ ಪಟ್ಟಿ. ಕೊರತೆಗಳೂ ಅಷ್ಟೇ ಸ್ಪಷ್ಟವಾಗಿದ್ದವು. ಮೇಲೆ ಹೋಗುವಾಗ ಒಂದು ಕತ್ತಿ, ಪೈಪಿನ ಒಂದು ಜಾಯಿಂಟು, ಬುತ್ತಿ, ಒಂದು ಕ್ಯಾನು ಔಷಧಿ ಒಯ್ಯಬೇಕೆಂದರೆ ಕಟ್ಟಲು ಜಾಗವೇ ಇಲ್ಲ. ಎಲ್ಲವನ್ನೂ ಬೆನ್ನಿಗೆ ಹಾಕಿಕೊಳ್ಳಬೇಕು. ಸ್ಟ್ಯಾಂಡ್ ಇಲ್ಲ, ಮರಕ್ಕೆ ಒರಗಿಸಬೇಕು. ಮಡ್‌ಗಾರ್ಡ್ ಇಲ್ಲ, ಹಳ್ಳ ದಾಟಿದ ಕೆಸರು ಬೆನ್ನಿನ ತನಕ. ಅಡಿಕೆ ಮರದ ಸಂಕದ ಮೇಲೆ ಸವಾರಿ ಅಸಾಧ್ಯ. ಇಳಿದು ಹೆಗಲ ಮೇಲೆ ಎತ್ತಿ ದಾಟಿಸಬೇಕು, 25 ಕಿ.ಗ್ರಾಂ. ಎತ್ತುವುದಕ್ಕೆ ಇಬ್ಬರು ಬೇಕು. ಜೊಂಪೆ ನೆರಳಿನ ಪಾಚಿ ಹಿಡಿದ ಕಲ್ಲಿನ ಮೇಲೆ, ಅದು ಒಣ ತಿಂಗಳಾದರೂ, ಗಾಲಿ ಒಮ್ಮೆ ಜಾರಿಯೇಬಿಟ್ಟಿತು.

ಸ್ವಲ್ಪ ಲೆಕ್ಕ

ಮಾರಾಟಗಾರರ ಮಾತನ್ನು ನಂಬುವುದಕ್ಕಿಂತ ನಾವೇ ಲೆಕ್ಕ ಹಾಕುವುದು ಮೇಲು. ಸವಾರ 65 ಕಿ.ಗ್ರಾಂ., ಸೈಕಲ್ಲು 25, ಹೊರೆ 10, ಒಟ್ಟು 100 ಕಿ.ಗ್ರಾಂ. ಎಂದಿಟ್ಟುಕೊಳ್ಳೋಣ. ಇಷ್ಟು ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 27 ವ್ಯಾಟ್-ಗಂಟೆ. ಮೋಟಾರಿನ ನಷ್ಟ, ಒರಟು ಹಾದಿಯ ತಡೆ ಸೇರಿಸಿ 50 ಎನ್ನೋಣ. ಬ್ಯಾಟರಿಗಳು ಸಾಮಾನ್ಯವಾಗಿ 500ರಿಂದ 750 ವ್ಯಾಟ್-ಗಂಟೆಯವು. ಅಂದರೆ ಚಿಕ್ಕ ಬ್ಯಾಟರಿಯೂ ಸವಾರ ಕಾಲಿನ ಶ್ರಮ ಹಾಕದಿದ್ದರೂ ನೂರು ಮೀಟರಿನ ಗುಡ್ಡವನ್ನು ಹತ್ತು ಸಲ ಹತ್ತಿಸೀತು. ಒಂದು ಸಲ ಪೂರ್ತಿ ಚಾರ್ಜು ಮಾಡಲು ತಗಲುವ ವಿದ್ಯುಚ್ಛಕ್ತಿ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು. ಇಂಧನದ ಖರ್ಚು ಲೆಕ್ಕಕ್ಕೇ ಬಾರದು. ಲೆಕ್ಕಕ್ಕೆ ಬರುವುದು ಕೊಳ್ಳುವ ಬೆಲೆ, ಬ್ಯಾಟರಿಯ ಬಾಳಿಕೆ ಮತ್ತು ರಿಪೇರಿ.

ವೇಗದ ಲೆಕ್ಕವನ್ನೂ ನೋಡೋಣ. 250 ವ್ಯಾಟ್ ಮೋಟಾರು ಒಂದೇ ಕೆಲಸ ಮಾಡಿದರೆ, ಹತ್ತಕ್ಕೆ ಒಂದರ ಏರಿನಲ್ಲಿ ಗಂಟೆಗೆ ಸುಮಾರು 7 ಕಿ.ಮೀ.; ಐದಕ್ಕೆ ಒಂದರ ಏರಿನಲ್ಲಿ ಸುಮಾರು 4 ಕಿ.ಮೀ., ಅಂದರೆ ಕಾಲ್ನಡಿಗೆಯ ವೇಗ. ನಾವು ಪೆಡಲು ತುಳಿದಷ್ಟು ಅದಕ್ಕೆ ಸೇರುತ್ತದೆ. ಒಳ್ಳೆಯ ಮೋಟಾರುಗಳು ಸ್ವಲ್ಪ ಹೊತ್ತು ಇದರ ಎರಡು ಪಟ್ಟು ಶಕ್ತಿಯನ್ನೂ ಕೊಡುತ್ತವೆ. ಹೀಗಾಗಿ ಇದು ಹಾರುವ ಕುದುರೆಯಲ್ಲ. ಬಲವಾದ ಕಾಲಿನ ಮೂವತ್ತರ ಹರೆಯದವನಂತೆ ಅರವತ್ತರವನನ್ನು ಗುಡ್ಡ ಹತ್ತಿಸುವ ಸಾಧನ, ಅಷ್ಟೆ. ನಮಗೆ ಅಷ್ಟು ಸಾಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಪೇಟೆಯಲ್ಲಿ ಅರ್ಧ ಲಕ್ಷದ ಆಜುಬಾಜಿನಲ್ಲಿ ಸಿಗುವ ದೇಶೀ ಬ್ಯಾಟರಿ ಸೈಕಲ್ಲುಗಳಲ್ಲಿ ಬಹುಪಾಲಿಗೆ ಮೋಟಾರು ಇರುವುದು ಹಿಂಗಾಲಿಯ ಗುಂಬದಲ್ಲಿ. ಸಮತಟ್ಟು ರಸ್ತೆಗೆ ಅದು ಚೆನ್ನ. ಕಡಿದಾದ ಏರಿನಲ್ಲಿ ಗಾಲಿ ನಿಧಾನವಾಗಿ ತಿರುಗಿದಂತೆ ಆ ಮೋಟಾರೂ ನಿಧಾನವಾಗಿ ತಿರುಗಿ, ಶಕ್ತಿ ಕೆಲಸವಾಗುವ ಬದಲು ಶಾಖವಾಗುತ್ತದೆ. ಪೆಡಲಿನ ಅಚ್ಚಿನಲ್ಲಿ ಕೂಡಿಸಿದ ಮೋಟಾರು ಸೈಕಲ್ಲಿನ ಗಿಯರನ್ನೇ ಬಳಸಿಕೊಳ್ಳುವುದರಿಂದ ಏರಿನಲ್ಲಿಯೂ ತನ್ನ ಹದವಾದ ವೇಗದಲ್ಲಿ ತಿರುಗುತ್ತದೆ. ಗುಡ್ಡದ ಊರಿನವರು ಅಗ್ಗವೆಂದು ಗುಂಬದ ಮೋಟಾರಿನ ಯಂತ್ರ ತಂದರೆ ಒಂದು ಬೇಸಿಗೆಯಲ್ಲಿ ಸುಟ್ಟುಕೊಂಡು, 'ಬ್ಯಾಟರಿ ಸೈಕಲ್ಲು ಪ್ರಯೋಜನವಿಲ್ಲ' ಎಂದು ಊರೆಲ್ಲ ಸಾರಿಯಾರು. ದೋಷ ಯಂತ್ರದ್ದಲ್ಲ, ಆಯ್ಕೆಯದು.

ಹಿಂದಿನ ಸ್ಪ್ರಿಂಗೋ, ಕ್ಯಾರಿಯರ್ರೋ?

ಎರಡೂ ಗಾಲಿಗೆ ಸ್ಪ್ರಿಂಗು ಇರುವುದರಿಂದ ಲಾಭವಿದೆ ಎಂಬುದನ್ನು ಮೇಲೆ ಒಪ್ಪಿದ್ದೇನೆ. ಆದರೆ ಅದಕ್ಕೆ ತೆರಬೇಕಾದ ಬೆಲೆಯನ್ನು ನೋಡಿ. ಹಿಂಗಾಲಿ ಮೇಲೆ ಕೆಳಗೆ ಆಡಬೇಕಾದ್ದರಿಂದ ಚೌಕಟ್ಟಿನಲ್ಲಿ ನಾಲ್ಕಾರು ಕೀಲುಗಳು, ಪ್ರತಿ ಕೀಲಿಗೂ ಬೇರಿಂಗು. ಶಾಕ್ ಅಬ್ಸಾರ್ಬರಿನಲ್ಲಿ ಗಾಳಿ ತುಂಬಿದ ಡಬ್ಬಿ, ಅದಕ್ಕೆ ಸೀಲುಗಳು. ಐವತ್ತು ಗಂಟೆ ಓಡಿಸಿದೊಡನೆ ಗಾಳಿಡಬ್ಬಿ ಬಿಚ್ಚಿ ಶುಚಿಮಾಡಿ ಎಣ್ಣೆ ಹಾಕಬೇಕೆಂದು ತಯಾರಕರೇ ಹೇಳುವುದುಂಟು. ಪೇಟೆಯಲ್ಲಿ ಭಾನುವಾರಕ್ಕೊಮ್ಮೆ ಎರಡು ಗಂಟೆ ಓಡಿಸುವವನಿಗೆ ಐವತ್ತು ಗಂಟೆಯೆಂದರೆ ಆರು ತಿಂಗಳು. ದಿನವೂ ಒಂದು ಗಂಟೆ ಓಡಿಸುವ ನಮಗೆ ಎರಡು ತಿಂಗಳೂ ಆಗದು. ಕೆಸರು ನೀರಿನಲ್ಲಿ ಬೇರಿಂಗುಗಳ ಆಯುಸ್ಸು ಇನ್ನೂ ಕಡಿಮೆ. ಈ ಕೆಲಸ ಬಲ್ಲವರು ಜೆ.ಪಿ. ನಗರದಲ್ಲಿ ಸಿಗಬಹುದು, ಕೊಪ್ಪ, ಸಿದ್ದಾಪುರ, ಸೋಮವಾರಪೇಟೆಯ ಸೈಕಲ್ ಶಾಪಿನಲ್ಲಿ ಅದಕ್ಕೆ ಬೇಕಾದ ಪಂಪೂ ಇರಲಾರದು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಹಿಂಗಾಲಿ ಆಡುವ ಚೌಕಟ್ಟಿಗೆ ಗಟ್ಟಿಯಾದ ಕ್ಯಾರಿಯರ್ ಕೂಡಿಸುವ ಏರ್ಪಾಡು ಸಾಮಾನ್ಯವಾಗಿ ಇರುವುದಿಲ್ಲ. ಸೈಕಲ್ಲಿಗೆ ಕ್ಯಾರಿಯರ್ ಇಲ್ಲವೆಂದರೆ ನಮ್ಮ ಪಾಲಿಗೆ ಹಿಡಿಯಿಲ್ಲದ ಬುಟ್ಟಿಯಂತೆ. ಹಿಂದೆ ಗಟ್ಟಿ ಚೌಕಟ್ಟು, ಮುಂದೆ ಮಾತ್ರ ಸ್ಪ್ರಿಂಗು, ಅಗಲವಾದ ಟೈರಿನಲ್ಲಿ ಹದವಾದ ಕಡಿಮೆ ಗಾಳಿ, ಬೇಕಾದರೆ ಸೀಟಿನ ಕಂಬಕ್ಕೊಂದು ಸ್ಪ್ರಿಂಗು, ಹೀಗಿದ್ದರೆ ತೋಟದ ವೇಗದಲ್ಲಿ ಕುಲುಕು ಸಹಿಸುವಷ್ಟಕ್ಕೆ ಇಳಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂಡೆಯಿಂದ ಬಂಡೆಗೆ ಹಾರುವವನಿಗೆ ಹಿಂದಿನ ಸ್ಪ್ರಿಂಗು ಪ್ರಾಣರಕ್ಷಕ. 7 ಕಿ.ಮೀ. ವೇಗದಲ್ಲಿ ಕಾಫಿ ಗಿಡದ ರೆಕ್ಕೆ ಸರಿಸುತ್ತ ಹೋಗುವವನಿಗೆ ಅದು ಒಂದು ಸೌಖ್ಯ, ಅಷ್ಟೆ. ಸೌಖ್ಯಕ್ಕೆ ಲಕ್ಷಗಟ್ಟಲೆ ಕೊಡುವ ಶಕ್ತಿಯುಳ್ಳವರು ಕೊಡಲಿ; ಸಂಘ ಅದನ್ನು ಸದಸ್ಯರಿಗೆ ಶಿಫಾರಸು ಮಾಡಕೂಡದು.

ಬ್ರೇಕಿನ ವಿಷಯದಲ್ಲಿ ಮಾತ್ರ ಯಾವ ಉಳಿತಾಯವೂ ಸಲ್ಲದು. ನೂರು ಮೀಟರ್ ಇಳಿದರೆ, ಹತ್ತುವಾಗ ಗಳಿಸಿದ ಆ 27 ವ್ಯಾಟ್-ಗಂಟೆಯಷ್ಟು ಶಕ್ತಿಯೂ ಬಹುತೇಕ ಬ್ರೇಕಿನಲ್ಲೇ ಶಾಖವಾಗಿ ಹೋಗಬೇಕು. ತೈಲದ ಡಿಸ್ಕ್ ಬ್ರೇಕೇ ಬೇಕು. ಅದರ ಪ್ಯಾಡುಗಳು ಸಂಘದ ಮಳಿಗೆಯಲ್ಲಿ ಸದಾ ದೊರೆಯಬೇಕು. ರೀಪ್ಯಾಕ್ ಪಂದ್ಯದ ಹೊಗೆಯನ್ನು ನೆನೆಯಿರಿ.

ಹಾದಿ, ಮಳೆ, ಆನೆ, ಬೆಂಕಿ

ಜಯನಗರದಲ್ಲಿ 2012ರಲ್ಲಿ ಸೈಕಲ್ಲಿಗೆಂದೇ ರಸ್ತೆಯಂಚಿನಲ್ಲಿ ಗೆರೆ ಎಳೆದು ಪಥಗಳನ್ನು ಮಾಡಿದ್ದರು. ಕೆಲವೇ ದಿನಗಳಲ್ಲಿ ಅವು ಕಾರು ನಿಲ್ಲಿಸುವ ತಾಣಗಳಾದವು. ಪೇಟೆಯಲ್ಲಿ ಹಾದಿ ಮಾಡಿ ಕಾಯುವವರಿಲ್ಲದೆ ಕೆಟ್ಟಿತು. ನಮ್ಮಲ್ಲಿ ಹಾದಿಯ ಯೋಚನೆಯೇ ಇಲ್ಲದೆ ವಾಹನ ಬಂದರೆ ಹಾದಿಯೂ ಕೆಟ್ಟೀತು, ಮಣ್ಣೂ ಹೋದೀತು. ಗಾಲಿ ತಿರುಗಿದ ಜಾಡಿನಲ್ಲಿ ಮಳೆನೀರು ಹರಿದು ಒಂದು ವರ್ಷದಲ್ಲಿ ಕೊರಕಲಾಗುವುದನ್ನು ಜೀಪುದಾರಿಗಳಲ್ಲಿ ನೋಡಿದ್ದೇವೆ. ಅಮೆರಿಕದ ಆರೆಗಾನ್‌ನಲ್ಲಿ 2015ರಲ್ಲಿ ನಡೆದ ಒಂದು ಸಣ್ಣ ಅಧ್ಯಯನದಲ್ಲಿ ವಿದ್ಯುತ್ ಸೈಕಲ್ಲು ಮಣ್ಣು ಕದಲಿಸುವುದು ಸಾಧಾರಣ ಗುಡ್ಡಗಾಡು ಸೈಕಲ್ಲಿನಷ್ಟೇ, ಮೋಟಾರ್ ಸೈಕಲ್ಲಿಗಿಂತ ಬಹಳ ಕಡಿಮೆ ಎಂದು ಕಂಡುಬಂತು. ಸಮಾಧಾನದ ಮಾತೇ, ಆದರೆ ಅದು ನಮ್ಮ ಜಂಬಿಟ್ಟಿಗೆ ಮಣ್ಣಲ್ಲ, ನಮ್ಮ ಮುಂಗಾರಲ್ಲ. ಹತ್ತು ಹದಿನೈದು ಮಾರಿಗೊಂದು ಅಡ್ಡಗಾಲುವೆ ತೆಗೆದು ನೀರನ್ನು ಹಾದಿಯಿಂದ ಪಕ್ಕಕ್ಕೆ ತಿರುಗಿಸದೆ ಯಾರೂ ಗಾಲಿ ಇಳಿಸಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಹಾದಿ ತೆರೆದಿರಬೇಕು, ಯಾವುದು ಮುಚ್ಚಿರಬೇಕು ಎಂಬುದನ್ನು ತೋಟದವರೇ ನಿಶ್ಚಯಿಸಬೇಕು.

ಇದೇ ಕಾರಣಕ್ಕೆ, ಹೋಂಸ್ಟೇ ನಡೆಸುವ ಸದಸ್ಯರಲ್ಲಿ ಒಂದು ಬಿನ್ನಹ. ಪೇಟೆಯ ಸವಾರರಿಂದ ಹಣ ಪಡೆದು ತೋಟದ ಹಾದಿಗಳನ್ನು ಬಿಟ್ಟುಕೊಡುವಾಗ ಎಚ್ಚರ ಬೇಕು. ಅದೇ ಹಾದಿಯಲ್ಲಿ ನಮ್ಮ ಹೆಣ್ಣಾಳುಗಳು ತಲೆಯ ಮೇಲೆ ಚೀಲ ಹೊತ್ತು ಬರುತ್ತಾರೆ. ತಿರುವಿನಲ್ಲಿ ಸದ್ದಿಲ್ಲದೆ ಇಳಿದು ಬರುವ ಸೈಕಲ್ಲಿಗೆ ಅವರು ಎಲ್ಲಿ ಸರಿಯಬೇಕು?

ಸದ್ದಿಲ್ಲದಿರುವುದು ಇನ್ನೊಂದು ಬಗೆಯಲ್ಲೂ ಅಪಾಯ. ಕೊಡಗು, ಸಕಲೇಶಪುರ, ಆಲೂರು ಕಡೆಯವರಿಗೆ ಬೆಳಗಿನ ಮಂಜಿನಲ್ಲಿ ಆನೆ ಎದುರಾಗುವುದು ಕಥೆಯಲ್ಲ, ದಿನದ ಮಾತು. ಮೋಟಾರ್ ಸೈಕಲ್ಲಿನ ಸದ್ದಿಗೆ ಆನೆ ಮೊದಲೇ ಎಚ್ಚರಗೊಳ್ಳುತ್ತದೆ. ಕಾಲ್ನಡಿಗೆಯವನು ಕಿವಿಗೊಟ್ಟು ನಿಧಾನ ಹೋಗುತ್ತಾನೆ. ಸದ್ದಿಲ್ಲದೆ ಬೇಗ ಹೋಗುವವನಿಗೆ ಈ ಎರಡು ರಕ್ಷೆಯೂ ಇಲ್ಲ. ಆನೆ ತಿರುಗುವ ತಾಕುಗಳಲ್ಲಿ ಮುಂಜಾನೆ ಮುಸ್ಸಂಜೆ ಈ ವಾಹನ ಕೂಡದು.

ಬ್ಯಾಟರಿ ಲಿಥಿಯಂ ಜಾತಿಯದು. ಪೆಟ್ಟು ತಿಂದರೆ, ನೀರು ಹೊಕ್ಕರೆ, ಬೇರೆ ಚಾರ್ಜರ್ ಹಾಕಿದರೆ ಬೆಂಕಿ ಹೊತ್ತುವ ಸಂಭವವುಂಟು. ಹೊತ್ತಿದರೆ ಆರಿಸುವುದು ಸುಲಭವಲ್ಲ. ಅಡಿಕೆ ತುಂಬಿದ ಅಟ್ಟದಲ್ಲಿ, ಕಾಫಿ ಗೋದಾಮಿನಲ್ಲಿ, ಗೋಣಿಚೀಲದ ರಾಶಿಯ ಪಕ್ಕದಲ್ಲಿ ಚಾರ್ಜು ಮಾಡಲೇಬಾರದು. ಬ್ಯಾಟರಿಯನ್ನು ಕಳಚಿ, ಒರೆಸಿ ಒಣಗಿಸಿ, ಜಗಲಿಯ ಸಿಮೆಂಟು ನೆಲದ ಮೇಲಿಟ್ಟು, ಮನೆಯವರು ಎದ್ದಿರುವ ವೇಳೆಯಲ್ಲಿ ಚಾರ್ಜು ಮಾಡುವುದು ಕ್ಷೇಮ.

ಕಾನೂನಿನ ಒಂದು ಮಾತು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆ ಇದ್ದು, ಗಂಟೆಗೆ 25 ಕಿ.ಮೀ. ಮುಟ್ಟಿದೊಡನೆ ಮೋಟಾರಿನ ನೆರವು ನಿಂತುಹೋಗುವ, ಬ್ಯಾಟರಿ ಬಿಟ್ಟು 60 ಕಿ.ಗ್ರಾಂ. ಮೀರದ, ಪ್ರಮಾಣೀಕೃತ ಸೈಕಲ್ಲಿಗೆ ಕೇಂದ್ರ ಮೋಟಾರು ವಾಹನ ನಿಯಮಗಳ ಮೇರೆಗೆ ನೋಂದಣಿ, ಲೈಸೆನ್ಸ್ ಬೇಕಿಲ್ಲ. ಇದಕ್ಕೆ ಮೀರಿದ ಯಂತ್ರವನ್ನು ತಂದು ಸಾರ್ವಜನಿಕ ರಸ್ತೆಗೆ ಇಳಿಸಿದರೆ ಅದು ಮೋಟಾರು ವಾಹನವೇ. ಕೊಳ್ಳುವ ಮೊದಲೇ ಪ್ರಮಾಣಪತ್ರ ಕೇಳಿ ನೋಡತಕ್ಕದ್ದು.

ಎರಡು ಆಕ್ಷೇಪಣೆಗಳು

"ಇದು ಯಜಮಾನರ ಕಾಲಿಗೆ ಮಾತ್ರ ಸುಖ, ಹೊರೆ ಹೊರುವ ಆಳಿಗೇನು?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಐವತ್ತು ಕಿಲೋ ಗೊಬ್ಬರದ ಚೀಲ ಹೊರುವುದಕ್ಕೆ ಇದು ಸಾಧನವಲ್ಲ. ಅದಕ್ಕೆ ಮೋಟಾರು ಕೈಗಾಡಿಗಳೇ ಬೇಕು. ಹಣವಿರುವುದು ಒಂದಕ್ಕೇ ಆದರೆ ಮೊದಲು ಕೈಗಾಡಿ, ಆಮೇಲೆ ಸೈಕಲ್ಲು. ಆದರೆ ನೀರು ತಿರುಗಿಸುವ, ರೋಗದ ಗಿಡ ಗುರುತು ಹಾಕುವ ಕೆಲಸ ಆಳಿನದೂ ಹೌದು. ಸೈಕಲ್ಲು ಕೊಂಡವರು ಆತನಿಗೂ ಅದನ್ನು ಕೊಡಬೇಕು.

"ಹೊಸ ಯಂತ್ರವೆಂದರೆ ನಾಲ್ಕು ದಿನದ ಬೆರಗು" ಎನ್ನುವವರೂ ಇದ್ದಾರೆ. ಅವರಿಗೆ ಉತ್ತರ ನಮ್ಮ ಅಡಿಕೆ ನಾಡಿನಲ್ಲೇ ಇದೆ. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಹತ್ತುವ ಮೋಟಾರು ಯಂತ್ರವನ್ನು ರೂಪಿಸಿದರು; 2019ರಲ್ಲಿ ಅದು ದೇಶದ ಗಮನ ಸೆಳೆಯಿತು. ಬೆಳೆಗಾರನೇ ತನ್ನ ಅಗತ್ಯವನ್ನು ಅರಿತು ಮಾಡಿದ್ದು ಅದರ ಹೆಗ್ಗಳಿಕೆ. ಅಂತೆಯೇ ಕಾರ್ಬನ್ ಫೈಬರ್ ದೋಟಿಯನ್ನು ನೋಡಿ. ನೆಲದಲ್ಲೇ ನಿಂತು ಕೊನೆ ಕೊಯ್ಯಬಹುದೆಂದರೆ ಮೊದಲು ನಂಬಿದವರು ಕಡಿಮೆ. ದೋಟಿ ಕೊಂಡ ಮಾತ್ರಕ್ಕೆ ಕೈ ಕುದುರಲಿಲ್ಲ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊದಂತಹ ಸಂಸ್ಥೆಗಳು ತರಬೇತಿ ಶಿಬಿರಗಳಿಗೆ ಕೈಜೋಡಿಸಿದ ಮೇಲೆ ಅದು ಬಳಕೆಗೆ ಬಂತು. ಯಂತ್ರ ನಿಲ್ಲುವುದು ಅಂಗಡಿಯ ಜಾಹೀರಾತಿನಿಂದಲ್ಲ. ಕಲಿಸುವವರು, ರಿಪೇರಿ ಮಾಡುವವರು ಹತ್ತಿರ ಇದ್ದರೆ ಮಾತ್ರ.

ಸಂಘ ಮಾಡಬೇಕಾದದ್ದು

ಬರುವ ವಾರ್ಷಿಕ ಮಹಾಸಭೆಯ ಮುಂದೆ ಈ ಕೆಳಗಿನ ಸಲಹೆಗಳನ್ನು ಇಡಬೇಕೆಂದು ಆಡಳಿತ ಮಂಡಳಿಯನ್ನು ಪ್ರಾರ್ಥಿಸುತ್ತೇನೆ.

ಮೊದಲನೆಯದಾಗಿ, ಸಂಘವು ಎರಡೇ ಎರಡು ಯಂತ್ರಗಳನ್ನು ಪರೀಕ್ಷೆಗೆ ಪಡೆಯಲಿ. ಒಂದು, ಎರಡೂ ಕಡೆ ಸ್ಪ್ರಿಂಗು ಇರುವಂಥದು. ಇದನ್ನು ಕೊಳ್ಳುವುದು ಬೇಡ, ಬೆಂಗಳೂರಿನ ಮಾರಾಟಗಾರರಿಂದ ಬಾಡಿಗೆಗೋ ಎರವಲಾಗಿಯೋ ತರಲಿ. ಇನ್ನೊಂದು, ಮುಂದೆ ಮಾತ್ರ ಸ್ಪ್ರಿಂಗು, ಹಿಂದೆ ಕ್ಯಾರಿಯರ್, ಪೆಡಲಿನ ಅಚ್ಚಿನಲ್ಲಿ ಮೋಟಾರು ಇರುವಂಥದು.

ಎರಡನೆಯದಾಗಿ, ಇವೆರಡನ್ನೂ ಕಾಫಿಯ ಎರಡು ತೋಟ, ಅಡಿಕೆಯ ಎರಡು ತೋಟಗಳಲ್ಲಿ ಸರದಿಯಂತೆ ಒಂದು ವರ್ಷ ಓಡಿಸಲಿ. ಸವಾರರಲ್ಲಿ ಅರವತ್ತು ದಾಟಿದವರೂ, ಹೆಂಗಸರೂ, ತೋಟದ ಆಳುಗಳೂ ಇರಲಿ. ಒಂದು ಪುಸ್ತಕವನ್ನಿಟ್ಟು ಹೋದ ದಿನ, ಹತ್ತಿದ ಎತ್ತರ, ಚಾರ್ಜು, ಬಿದ್ದದ್ದು, ಕೆಟ್ಟದ್ದು, ರಿಪೇರಿಗೆ ಕಾದ ದಿನಗಳು ಎಲ್ಲವನ್ನೂ ಬರೆಯಲಿ. ಬಿದ್ದದ್ದನ್ನು ಮುಚ್ಚಿಡುವುದು ಬೇಡ, ಅದೇ ಮುಖ್ಯ.

ಮೂರನೆಯದಾಗಿ, ನಮ್ಮ ಊರಿನ ಇಬ್ಬರು ಸೈಕಲ್ ರಿಪೇರಿಯವರನ್ನು ಸಂಘದ ಖರ್ಚಿನಲ್ಲಿ ಬೆಂಗಳೂರಿಗೆ ಕಳುಹಿಸಿ ತೈಲದ ಬ್ರೇಕು, ಮೋಟಾರು, ಬ್ಯಾಟರಿಯ ಕೆಲಸ ಕಲಿಸಲಿ. ಅವರು ಕಲಿತು ಬಂದ ಹೊರತು ಯಾವ ಸದಸ್ಯನಿಗೂ ಸಾಲದ ಮೇಲೆ ಈ ಯಂತ್ರವನ್ನು ಒದಗಿಸಬಾರದು.

ನಾಲ್ಕನೆಯದಾಗಿ, ವರ್ಷದ ಕೊನೆಗೆ ಲೆಕ್ಕ ಸರಿಬಂದರೆ, ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್, ಸ್ಥಳೀಯ ರಿಪೇರಿ ಈ ಷರತ್ತುಗಳೊಡನೆ ಒಟ್ಟಾಗಿ ಖರೀದಿಗೆ ತಯಾರಕರನ್ನು ಕರೆಯಲಿ. ಒಬ್ಬನೇ ಕೇಳಿದರೆ ಅಂಗಡಿಯವನು ಇದ್ದದ್ದನ್ನು ಮಾರುತ್ತಾನೆ. ನೂರು ಜನ ಸೇರಿ ಕೇಳಿದರೆ ಬೇಕಾದದ್ದನ್ನು ಮಾಡಿಕೊಡುತ್ತಾನೆ. ಸಹಕಾರದ ಅರ್ಥವೇ ಅದಲ್ಲವೆ?

ಲೆಕ್ಕ ಸರಿಬಾರದಿದ್ದರೆ ಅದನ್ನೂ ಇದೇ ಪತ್ರಿಕೆಯಲ್ಲಿ ಸ್ಪಷ್ಟವಾಗಿ ಪ್ರಕಟಿಸೋಣ. ಹತ್ತಾರು ಸದಸ್ಯರ ಹಣ ಉಳಿಸಿದಂತಾಗುತ್ತದೆ. ಪರೀಕ್ಷೆಯ ಖರ್ಚು ಅಲ್ಲಿಗೆ ಸಂದಿತು. ಮೇಲಿನ ತಾಕಿನ ಗಿಡಗಳು ನಮ್ಮ ಮಂಡಿ ಸರಿಯಾಗುವ ತನಕ ಕಾಯುವುದಿಲ್ಲ. ಪರೀಕ್ಷೆಯನ್ನು ಈ ಮುಂಗಾರಿಗೆ ಮೊದಲೇ ಆರಂಭಿಸಬೇಕು. ಸದಸ್ಯರು ತಮ್ಮ ಅಭಿಪ್ರಾಯವನ್ನು, ವಿಶೇಷವಾಗಿ ಈಗಾಗಲೇ ಈ ಯಂತ್ರವನ್ನು ತೋಟದಲ್ಲಿ ಓಡಿಸಿ ನೋಡಿದವರು ತಮ್ಮ ಅನುಭವವನ್ನು, ಮಹಾಸಭೆಗೆ ಮುಂಚಿತವಾಗಿ ಸಂಘದ ಕಛೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇನೆ.